ಫ್ರೆಂಚ್ ಪಿಕ್ಚರ್: ಬೆತ್ತದ ಕುರ್ಚಿಯ ಹಿಂದಿನ ಲೆಕ್ಕ

ರಷ್ಯನ್ ಪಿಕ್ಚರ್ ಅನ್ನಿ, ಯಾರೂ ತಲೆಯೆತ್ತುವುದಿಲ್ಲ. ಜಪಾನೀ ಪಿಕ್ಚರ್ ಅನ್ನಿ, ಕತ್ತಿ ಫೈಟಿಂಗ್ ಇದೆಯಾ ಅಂತ ಕೇಳ್ತಾರೆ. ಫ್ರೆಂಚ್ ಪಿಕ್ಚರ್ ಅಂದರೆ ಮಾತ್ರ ನಮ್ಮ ಹುಡುಗರ ಮುಖದ ಮೇಲೆ ಒಂದು ಕಳ್ಳನಗೆ ಹಾದುಹೋಗುತ್ತದೆ! ಆಕಡೆ ಈಕಡೆ ನೋಡಿ ದನಿ ತಗ್ಗಿಸುತ್ತಾರೆ. ಬೆಂಗಳೂರಿನ ಮೆಜೆಸ್ಟಿಕ್‌ನಲ್ಲೂ ಅಷ್ಟೇ, ನಮ್ಮ ಊರ್ಡಿಗೆರೆ ಬಸ್ ಸ್ಟಾಪಿನಲ್ಲೂ ಅಷ್ಟೇ. ಸಿನಿಮಾ ಅನ್ನೋ ಕಲೆಯನ್ನೇ ಲೋಕಕ್ಕೆ ಕೊಟ್ಟ ದೇಶದ ಹೆಸರು ನಮ್ಮಲ್ಲಿ ಉಳಿದುಕೊಂಡದ್ದು ಹೀಗೆ.

ನಾನು ಸಿನಿಮಾ ಬಗ್ಗೆ ಬರೆಯಲು ಶುರು ಮಾಡಿದ ಮೇಲೆ ನನಗೆ ಅತಿ ಹೆಚ್ಚು ಬಂದಿರುವ ಪ್ರಶ್ನೆ ಎರಡೇ. ಇಂಥ ನಟಿಗೆ ಸಂಭಾವನೆ ಎಷ್ಟು? ಎರಡನೆಯದು, ಫ್ರೆಂಚಿನವರು ‘ಆ ಥರದ’ ಪಿಕ್ಚರನ್ನ ಹೇಗೆ ತೆಗೀತಾರೆ ಸಾರ್? ಮೊದಲನೆಯದಕ್ಕೆ ಎಲ್ಲರೂ ಉತ್ತರ ಬರೆಯುತ್ತಾರೆ. ಎರಡನೆಯದಕ್ಕೆ ಉತ್ತರ ಹುಡುಕಲು ಕೂತಾಗ ನನಗೆ ಸಿಕ್ಕಿದ್ದು ಮಂಚವಲ್ಲ ಮಿತ್ರರೇ, ತೆರಿಗೆ ಇಲಾಖೆಯ ಪುಸ್ತಕ! ಬಿಸಿಬಿಸಿ ವರ್ಣನೆಗಾಗಿ ಈ ಪುಟ ಬಿಡಿಸಿದವರು ಈಗಲೇ ಮುಂದಿನ ಪುಟಕ್ಕೆ ಹೋಗಬಹುದು. ಬೇಸರವಿಲ್ಲ.

ಮೊದಲಿನಿಂದ ಹೇಳುತ್ತೇನೆ. ಲೂಮಿಯೇರ್ ಸೋದರರು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ದುಡ್ಡು ತೆಗೆದುಕೊಂಡು ಜನರಿಗೆ ಸಿನಿಮಾ ತೋರಿಸಿದ್ದು 1895ರ ಡಿಸೆಂಬರ್ 28ರಂದು. ಫ್ಯಾಕ್ಟರಿಯಿಂದ ಹೊರಬರುವ ಕೂಲಿಗಳು, ತೋಟದಲ್ಲಿ ನೀರು ಹಾಯಿಸುವ ಮಾಲಿ, ಇಂಥವೇ ಚಿತ್ರಗಳು. ಸರಿಯಾಗಿ ಒಂದು ವರ್ಷ ಕಳೆಯುವುದರೊಳಗೆ, 1896ರಲ್ಲಿ, ಅದೇ ಪ್ಯಾರಿಸ್ಸಿನಲ್ಲಿ ಇನ್ನೊಂದು ತುಣುಕು ತಯಾರಾಯಿತು. ಮದುವೆಯಾದ ಮೊದಲ ರಾತ್ರಿ ಮದುಮಗಳು ಒಂದೊಂದೇ ಉಡುಪು ಕಳಚಿ ಮಲಗಲು ಹೋಗುತ್ತಾಳೆ, ಗಂಡ ಅಡ್ಡಪರದೆಯ ಹಿಂದಿನಿಂದ ಇಣುಕುತ್ತಾನೆ. ಇಷ್ಟೇ ಕಥೆ. ನಾಟಕದ ರಂಗದ ಮೇಲೆ ಇದೇ ಪಾತ್ರ ಮಾಡುತ್ತಿದ್ದ ಲೂಯಿಸ್ ವಿಲಿ ಎಂಬಾಕೆ ನಟಿ. ತಯಾರಿಸಿದವನು ಯೂಜೀನ್ ಪಿರು ಎಂಬ ಫೋಟೋಗ್ರಾಫರ್. ಇಂದು ಅದರಲ್ಲಿ ಉಳಿದಿರುವುದು ಎರಡು ನಿಮಿಷದಷ್ಟು ಮಾತ್ರ. ಅಂದರೆ ಸಿನಿಮಾಗೆ ಹಲ್ಲು ಮೂಡುವ ಮೊದಲೇ ಈ ಚಟ ಹತ್ತಿತ್ತು.

ಆಮೇಲಿನ ಐವತ್ತು ವರ್ಷ ಈ ಬಗೆಯ ಚಿತ್ರಗಳು ಟಾಕೀಸಿಗೆ ಬರಲೇ ಇಲ್ಲ. ಮೂಕಿಚಿತ್ರ, ಒಂದೇ ರೀಲು, ನಟ ನಟಿ ನಿರ್ದೇಶಕ ಯಾರ ಹೆಸರೂ ಇಲ್ಲ. ಲೈಸೆನ್ಸು ಇದ್ದ ವೇಶ್ಯಾಗೃಹಗಳ ಕಾಯುವ ಕೋಣೆಗಳಲ್ಲಿ ಗಿರಾಕಿಗಳಿಗೆ ತೋರಿಸುತ್ತಿದ್ದರು. 1946ರ ಏಪ್ರಿಲ್‌ನಲ್ಲಿ ಫ್ರಾನ್ಸ್ ಆ ಮನೆಗಳನ್ನೇ ಕಾನೂನು ಮಾಡಿ ಮುಚ್ಚಿತು. ಪ್ರೊಜೆಕ್ಟರಿಗೆ ಜಾಗವಿಲ್ಲದಂತಾಯಿತು.

ಫ್ರಾನ್ಸ್‌ನಲ್ಲಿ ಎಲ್ಲದಕ್ಕೂ ಪರವಾನಗಿ ಇತ್ತು ಅಂತ ನಮ್ಮವರು ತಿಳಿದಿರುವುದು ಸುಳ್ಳು. ಅಲ್ಲಿಯ ಸೆನ್ಸಾರ್ ಕತ್ತರಿ ನಮ್ಮದಕ್ಕಿಂತ ಮೊಂಡಾಗೇನೂ ಇರಲಿಲ್ಲ. ಬಲವಂತವಾಗಿ ಸನ್ಯಾಸಿನಿಯಾದ ಹೆಣ್ಣೊಬ್ಬಳ ಬಗ್ಗೆ ಜಾಕ್ ರಿವೆಟ್ ತೆಗೆದ ಗಂಭೀರ ಚಿತ್ರವನ್ನು 1966ರಲ್ಲಿ ಸರ್ಕಾರವೇ ತಡೆಹಿಡಿಯಿತು, ಬಿಡುಗಡೆಗೆ ಮಾರನೇ ವರ್ಷದವರೆಗೆ ಕಾಯಬೇಕಾಯಿತು. ಗಾಳಿ ಬದಲಾದದ್ದು 1974ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಗಿಸ್ಕಾರ್ ದೆಸ್ತಾಂ ಅಧ್ಯಕ್ಷರಾದರು. (1980ರ ಗಣರಾಜ್ಯೋತ್ಸವಕ್ಕೆ ದೆಹಲಿಗೆ ಮುಖ್ಯ ಅತಿಥಿಯಾಗಿ ಬಂದವರು ಇವರೇ.) ದೊಡ್ಡವರು ಏನು ನೋಡಬೇಕು ಅಂತ ಸರ್ಕಾರ ಹೇಳಬಾರದು ಅನ್ನುವ ಮಾತು ಹೊರಟಿತು. ಕತ್ತರಿ ಮೂಲೆ ಸೇರಿತು. ಜೂನ್ 26ಕ್ಕೆ ‘ಎಮ್ಯಾನುಯೆಲ್’ ತೆರೆ ಕಂಡಿತು.

ಹೆಸರು ಕೇಳಿದ್ದೀರಿ, ನೋಡದವರೂ ಕೇಳಿದ್ದೀರಿ! ದೊಡ್ಡ ಬೆತ್ತದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕುಳಿತ ಹುಡುಗಿಯ ಪೋಸ್ಟರ್ ಯಾವ ದೇಶ ಸುತ್ತಲಿಲ್ಲ ಹೇಳಿ? ನಿರ್ದೇಶಕ ಜಸ್ಟ್ ಜೇಕಿನ್ ಮೂಲತಃ ಫ್ಯಾಷನ್ ಫೋಟೋಗ್ರಾಫರ್, ಅದು ಆತನ ಮೊದಲ ಚಿತ್ರ. ನಾಯಕಿ ಸಿಲ್ವಿಯಾ ಕ್ರಿಸ್ಟೆಲ್ ಫ್ರೆಂಚಿನವಳೇ ಅಲ್ಲ, ಹಾಲೆಂಡಿನವಳು, ಆಗ ವಯಸ್ಸು 21. ಚಿತ್ರೀಕರಣ ಥಾಯ್ಲೆಂಡಿನಲ್ಲಿ. ಇದು ನೀಲಿಚಿತ್ರವಲ್ಲ ಅನ್ನೋದು ನೆನಪಿರಲಿ; ತೋರಿಸುವುದಕ್ಕಿಂತ ಆಡಿಸುವುದು ಹೆಚ್ಚು. ಫ್ರಾನ್ಸ್ ಒಂದರಲ್ಲೇ ಸುಮಾರು 89 ಲಕ್ಷ ಟಿಕೆಟ್ ಹರಿದವು. ಪ್ಯಾರಿಸ್ಸಿನ ರಾಜಬೀದಿಯ ಒಂದು ಟಾಕೀಸಿನಲ್ಲಿ ಹತ್ತು ವರ್ಷಕ್ಕೂ ಮೇಲೆ ಓಡಿತು. ಶತದಿನ ಅಲ್ಲ ಸ್ವಾಮಿ, ಹತ್ತು ವರ್ಷ! ಗಾಂಧಿನಗರದ ಯಾವ ನಿರ್ಮಾಪಕ ಇಂಥ ಕನಸು ಕಂಡಾನು?

ಗಲ್ಲಾಪೆಟ್ಟಿಗೆಯ ಸದ್ದು ಕೇಳಿದ ಮೇಲೆ ಸುಮ್ಮನಿರುವವರು ಯಾರು? 1975ರಲ್ಲಿ ಪ್ಯಾರಿಸ್ಸಿನ ಒಳ್ಳೊಳ್ಳೆಯ ಟಾಕೀಸುಗಳಿಗೇ ಪೂರ್ತಿ ನೀಲಿಚಿತ್ರಗಳು ನುಗ್ಗಿದವು. ಅವುಗಳಲ್ಲಿ ನನಗೆ ಮುಖ್ಯ ಅನ್ನಿಸುವುದು ಜಾನ್ ಫ್ರಾಂಸ್ವಾ ದಾವಿ ತೆಗೆದ ‘ಎಕ್ಸಿಬಿಷನ್’. ಅದು ಕಥಾಚಿತ್ರವಲ್ಲ, ಸಾಕ್ಷ್ಯಚಿತ್ರ. ಈ ಚಿತ್ರಗಳಲ್ಲಿ ನಟಿಸುತ್ತಿದ್ದ ಕ್ಲೋದಿನ್ ಬೆಕಾರಿ ಎಂಬಾಕೆಯನ್ನು ಕ್ಯಾಮೆರಾ ಮುಂದೆ ಕೂರಿಸಿ ಅವಳ ಬದುಕು, ಅವಳ ಕೆಲಸದ ಬಗ್ಗೆ ಮಾತಾಡಿಸಿದ. ಅದೇ ವರ್ಷ ನ್ಯೂಯಾರ್ಕ್ ಚಲನಚಿತ್ರೋತ್ಸವಕ್ಕೂ ಅದು ಹೋಯಿತು. ಅದೇ ವರ್ಷದ ಇನ್ನೊಂದು ಚಿತ್ರ ಕ್ಲೋದ್ ಮುಲೋ ಎಂಬಾತನದು. ಅದರ ಕಥೆಯ ಎಳೆ ದೀದರೋ ಎಂಬ ದೊಡ್ಡ ತತ್ವಜ್ಞಾನಿ 1748ರಲ್ಲಿ ಬರೆದ ತುಂಟ ಕಾದಂಬರಿಯೊಂದನ್ನು ನೆನಪಿಸುತ್ತದೆ. ಅಂದರೆ ಆ ಒಂದೇ ಒಂದು ವರ್ಷ ಈ ಜನ ಕಥೆ, ಕ್ಯಾಮೆರಾ, ಬೆಳಕು ಅಂತೆಲ್ಲ ಯೋಚಿಸುತ್ತಿದ್ದರು. ತಮ್ಮದೂ ಸಿನಿಮಾ ಅಂದುಕೊಂಡಿದ್ದರು.

ಆಮೇಲೆ ಬಂತು ನೋಡಿ ‘ಎಕ್ಸ್’!

ಬ್ಯಾನ್ ಮಾಡಿದರೆ ಮಾತು ತಪ್ಪಿದ ಹಾಗೆ. ಬಿಟ್ಟರೆ ಮನೆಮಂದಿ ಓಡಾಡುವ ಬೀದಿಯಲ್ಲೇ ಪೋಸ್ಟರು. ಫ್ರೆಂಚ್ ಸರ್ಕಾರ ಹಳ್ಳಿ ಶಾನುಭೋಗನ ತಲೆ ಓಡಿಸಿತು. 1975ರ ಡಿಸೆಂಬರ್ 30ರ ಹಣಕಾಸು ಕಾಯಿದೆಯಲ್ಲಿ ಒಂದು ಹೊಸ ವರ್ಗ ಮಾಡಿತು. ಮಂಡಳಿ ನೋಡಿ ಹೇಳಬೇಕು, ಸಂಸ್ಕೃತಿ ಮಂತ್ರಿ ಮುದ್ರೆ ಒತ್ತಬೇಕು. ಮುದ್ರೆ ಬಿತ್ತೋ, ಆ ಚಿತ್ರ ‘ಎಕ್ಸ್’. ಅದಕ್ಕೇ ಮೀಸಲಾದ ಟಾಕೀಸಿನಲ್ಲಿ ಮಾತ್ರ ಪ್ರದರ್ಶನ, 18 ತುಂಬದವರಿಗೆ ಪ್ರವೇಶವಿಲ್ಲ. ಇಷ್ಟೇ ಆಗಿದ್ದರೆ ಕಷ್ಟವಿರಲಿಲ್ಲ. ಟಿಕೆಟ್ಟಿನ ಮೇಲಿನ ತೆರಿಗೆಯನ್ನು ಶೇಕಡಾ ಮೂವತ್ತಮೂರೂ ಕಾಲು ಚಿಲ್ಲರೆಗೆ ಏರಿಸಿದರು. ಲೆಕ್ಕ ಹಾಕಿ: ಪ್ರೇಕ್ಷಕ ಕೊಟ್ಟ ಪ್ರತಿ ನೂರು ಫ್ರಾಂಕಿನಲ್ಲಿ 25 ನೇರ ಸರ್ಕಾರಕ್ಕೆ. ಮಿಕ್ಕ 75ರಲ್ಲಿ ಟಾಕೀಸಿನವನ ಪಾಲು, ಹಂಚಿಕೆದಾರನ ಪಾಲು, ಆಮೇಲೆ ನಿರ್ಮಾಪಕ. ಕೊನೆಗೆ ಲಾಭ ಅಂತ ಏನಾದರೂ ಉಳಿದರೆ ಅದರ ಮೇಲೆ ಮತ್ತೆ ಶೇಕಡಾ 20ರ ವಿಶೇಷ ಸುಂಕ!

ಅದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದು. ಫ್ರಾನ್ಸ್‌ನಲ್ಲಿ 1948ರಿಂದಲೂ ಒಂದು ಪದ್ಧತಿ ಇದೆ. ಪ್ರತಿ ಟಿಕೆಟ್ಟಿನಿಂದ ಸ್ವಲ್ಪ ಕಾಸು ಒಂದು ನಿಧಿಗೆ ಹೋಗುತ್ತದೆ, ಅದು ಮುಂದಿನ ಚಿತ್ರ ತೆಗೆಯಲು ನಿರ್ಮಾಪಕರಿಗೇ ವಾಪಸು ಬರುತ್ತದೆ. ಇಡೀ ಫ್ರೆಂಚ್ ಚಿತ್ರರಂಗ ನಿಂತಿರುವುದೇ ಈ ಕಂಬದ ಮೇಲೆ. ‘ಎಕ್ಸ್’ ಬಿದ್ದವನಿಗೆ ಆ ನಿಧಿಯಿಂದ ಬಿಡಿಗಾಸೂ ಇಲ್ಲ. ನಮ್ಮಲ್ಲಿ ಕನ್ನಡ ಚಿತ್ರಗಳನ್ನು ಸಬ್ಸಿಡಿ ಕೊಟ್ಟು, ತೆರಿಗೆ ವಿನಾಯಿತಿ ಕೊಟ್ಟು ಸಾಕಿದ್ದನ್ನು ನೆನಪಿಸಿಕೊಳ್ಳಿ. ಒಬ್ಬನಿಗೆ ಮಾತ್ರ ಆ ನೀರು ನಿಲ್ಲಿಸಿದರೆ ಏನಾದೀತು?

ಇನ್ನು ಹೊರದೇಶದ ನೀಲಿಚಿತ್ರ ತರಿಸುವವನು ಚಿತ್ರವೊಂದಕ್ಕೆ ಮೂರು ಲಕ್ಷ ಫ್ರಾಂಕ್ ಒಂದೇ ಕಂತಿನಲ್ಲಿ ಕಟ್ಟಬೇಕು. ಉದ್ದೇಶ ಅಮೆರಿಕದ ಮಾಲು ತಡೆಯುವುದು. ಆದದ್ದು? ಒಳಗಿನ ವ್ಯಾಪಾರಿಗೆ ಪೈಪೋಟಿಯೇ ಇಲ್ಲದಂತಾಯಿತು! ನಮ್ಮ ಡಬ್ಬಿಂಗ್ ಬೇಲಿಯ ಹಾಗೆ. 2015ರಲ್ಲಿ ಸ್ಪರ್ಧಾ ಆಯೋಗ ತೀರ್ಪು ಕೊಡುವವರೆಗೂ ನಾವು ಆ ಬೇಲಿ ಕಾಯ್ದೆವಲ್ಲ, ಅದರೊಳಗೆ ಒಳ್ಳೆ ಬೆಳೆಯೂ ಬೆಳೆಯಿತು, ಕಳೆಯೂ ಬೆಳೆಯಿತು. ಅಲ್ಲೂ ಹಾಗೇ. ಅಲ್ಫಾ ಫ್ರಾನ್ಸ್ ಎಂಬ ಕಂಪನಿ ಬೇಲಿಯೊಳಗೇ ಬೆಳೆದು ದೊಡ್ಡದಾಯಿತು.

ಈಗ ನೀವು ಕೇಳಿದ ಪ್ರಶ್ನೆ. ಹೇಗೆ ತೆಗೀತಾರೆ? ಆ ಕಾಲದ ಮಟ್ಟಿಗೆ ಉತ್ತರ: ಆದಷ್ಟು ಬೇಗ, ಆದಷ್ಟು ಕಡಿಮೆ ದುಡ್ಡಿನಲ್ಲಿ. 35 ಎಂಎಂ ಫಿಲಂ ಒಂದು ನಿಮಿಷಕ್ಕೆ 90 ಅಡಿ ಓಡುತ್ತದೆ. ಒಂದೂವರೆ ಗಂಟೆಯ ಚಿತ್ರಕ್ಕೆ 8,100 ಅಡಿ, ರೀಟೇಕ್ ಬೇರೆ. ನೆಗೆಟಿವ್ ದುಬಾರಿ, ಲ್ಯಾಬ್ ದುಬಾರಿ, ಇವೆರಡನ್ನೂ ಇಳಿಸಲಾಗುವುದಿಲ್ಲ. ಇಳಿಸಬಹುದಾದದ್ದು ದಿನಗಳನ್ನು ಮತ್ತು ಮನುಷ್ಯರ ಕೂಲಿಯನ್ನು. ಊರಾಚೆ ಒಂದು ಬಂಗಲೆ ಬಾಡಿಗೆಗೆ. ಅದರ ಹಾಲೇ ಆಫೀಸು, ಅದರ ಹಿತ್ತಲೇ ತೋಟ, ಅದರ ಮಹಡಿಯೇ ಹೋಟೆಲು. ಕೆಲವೇ ದಿನದಲ್ಲಿ ಚಿತ್ರ ಮುಗಿಯಬೇಕು. ಸ್ಥಳದಲ್ಲಿ ದನಿ ಹಿಡಿಯುವ ಗೋಜಿಲ್ಲ, ಆಮೇಲೆ ಡಬ್ಬಿಂಗ್. ತೆರೆಯ ಮೇಲಿನ ಹೆಣ್ಣು ಒಬ್ಬಳು, ಅವಳ ದನಿ ಇನ್ನೊಬ್ಬಳದು. ಅಲ್ಫಾ ಫ್ರಾನ್ಸ್‌ಗೆ ಚಿತ್ರ ಮಾಡಿಕೊಟ್ಟ ಜೆರಾರ್ ಕಿಕೋಯಿನ್ ಮೂಲತಃ ಈ ಶಬ್ದ ಜೋಡಿಸುವ ಕಸುಬಿನವನೇ. ಒಂದೇ ಕಥೆಯನ್ನು ಎರಡು ಬಗೆಯಲ್ಲಿ ತೆಗೆಯುವುದೂ ಉಂಟು: ‘ಎಕ್ಸ್’ ಟಾಕೀಸಿಗೆ ಖಾರದ ಪ್ರತಿ, ಸಾಮಾನ್ಯ ಟಾಕೀಸಿಗೆ ಸಪ್ಪೆ ಪ್ರತಿ.

ನಿರ್ದೇಶಕರಿಗೆ ಎರಡು ಹೆಸರು. ಮುಲೋ ಇಲ್ಲಿಗೆ ಬಂದಾಗ ಫ್ರೆಡೆರಿಕ್ ಲಾನ್ಸಾಕ್ ಆಗುತ್ತಿದ್ದ. ರಕ್ತಪಿಶಾಚಿಗಳ ಚಿತ್ರಗಳಿಗೆ ಹೆಸರಾದ ಜಾನ್ ರೋಲಾಂ ಮಿಶೆಲ್ ಜಾಂತಿಲ್ ಆಗುತ್ತಿದ್ದ. ಸಂಜೆ ಆದ ಮೇಲೆ ಕಳ್ಳಹೆಸರನ್ನು ಅಂಗಿ ಹಾಗೆ ಕಳಚಿಟ್ಟು ಮನೆಗೆ ಹೋಗಬಹುದು! ಆದರೆ ಮುಖಕ್ಕೆ ಕಳ್ಳಹೆಸರು ಇಡಲಾಗುತ್ತದೆಯೇ? ನಟಿಗೆ ದಿನಗೂಲಿ. ಚಿತ್ರ ಎಷ್ಟು ವಾರ ಓಡಿದರೂ, ಎಷ್ಟು ದೇಶ ಸುತ್ತಿದರೂ ಅವಳ ಲೆಕ್ಕ ಅವತ್ತಿಗೇ ಚುಕ್ತಾ. ಪುಟಕ್ಕೆ ಇಷ್ಟು ಅಂತ ಕೈಗಿಟ್ಟು, ಅದೇ ಲೇಖನವನ್ನು ಮೂರು ಸಲ ಮಾರಿಕೊಳ್ಳುವ ಜನರನ್ನು ಕಂಡಿರುವ ನನಗೆ ಈ ಸಂಕಟ ಸ್ವಲ್ಪ ಅರ್ಥವಾಗುತ್ತದೆ. ಆದರೆ ನನ್ನ ಲೇಖನದ ಮೇಲೆ ನನ್ನ ಮೈ ಅಚ್ಚಾಗಿರುವುದಿಲ್ಲ.

ಬೆತ್ತದ ಕುರ್ಚಿಯ ಸಿಲ್ವಿಯಾ ಕ್ರಿಸ್ಟೆಲ್ ಆಮೇಲೆ ಕ್ಲೋದ್ ಶಾಬ್ರೋಲ್‌ರಂಥ ದೊಡ್ಡ ನಿರ್ದೇಶಕರ ಚಿತ್ರದಲ್ಲಿ (1977) ನಾಯಕಿಯಾದಳು. ಯಾರಿಗೆ ನೆನಪಿದೆ? 2012ರ ಅಕ್ಟೋಬರ್‌ನಲ್ಲಿ 60ನೇ ವಯಸ್ಸಿಗೆ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಪತ್ರಿಕೆಗಳು ಹಾಕಿದ್ದು ‘ಎಮ್ಯಾನುಯೆಲ್ ಇನ್ನಿಲ್ಲ’ ಅನ್ನುವ ಧಾಟಿಯ ಸುದ್ದಿ. ಗಟ್ಟಿಗಿತ್ತಿ ಅಂದರೆ ಬ್ರಿಜಿತ್ ಲಹಾಯ್. ಆ ಲೋಕದ ದೊಡ್ಡ ತಾರೆ. ರೋಲಾಂನ ‘ಫ್ಯಾಸಿನೇಷನ್’ (1979) ಮೊದಲಾದ ಚಿತ್ರಗಳ ಮೂಲಕ ಹೊರದಾರಿ ಹಿಡಿದಳು, 2001ರಿಂದ ರೇಡಿಯೋದಲ್ಲಿ ಗಂಡು ಹೆಣ್ಣಿನ ಸಂಬಂಧದ ಬಗ್ಗೆ ವರ್ಷಗಟ್ಟಲೆ ಮಾತಾಡಿ ಇನ್ನೊಂದು ಹೆಸರು ಸಂಪಾದಿಸಿದಳು. ಇಂಥವರು ಬೆರಳೆಣಿಕೆ.

ನಮ್ಮ ಕಡೆಯದನ್ನೂ ಹೇಳಿಬಿಡುತ್ತೇನೆ. ತುಮಕೂರು ಸೀಮೆಯ ಟೂರಿಂಗ್ ಟಾಕೀಸುಗಳಲ್ಲಿ ಆಪರೇಟರ್ ಆಗಿದ್ದ ಒಬ್ಬ ತಾತ ನನಗೆ ಪರಿಚಯ. ಕಾರ್ಬನ್ ಕಡ್ಡಿ ಉರಿಸಿ ಉರಿಸಿ ಕಣ್ಣು ಮಂಜಾಗಿದೆ, ಮಾತು ಮಾತ್ರ ಮೊನಚು. ಇಲ್ಲಿ ‘ಎಕ್ಸ್’ ಇಲ್ಲ, 1952ರ ಕಾಯಿದೆ ಪ್ರಕಾರ ‘ಎ’ ಸರ್ಟಿಫಿಕೇಟು ಉಂಟು, ಅದರೊಳಗೆ ನೀಲಿಚಿತ್ರಕ್ಕೆ ಜಾಗವಿಲ್ಲ. ಆದರೆ ಬೇಡಿಕೆ ಇತ್ತಲ್ಲ! ಹಾಗಾಗಿ ‘ಬಿಟ್’. ಸರ್ಟಿಫಿಕೇಟು ಇರುವ ಯಾವುದೋ ಡಬ್ಬಾ ಚಿತ್ರದ ನಡುವೆ, ಸೆನ್ಸಾರ್ ಕಾಣದ ಬೇರೆ ತುಂಡೊಂದನ್ನು ಅಂಟಿಸುವುದು.

‘ಎರಡು ನಿಮಿಷದ್ದಾದ್ರೆ ನೂರೆಂಬತ್ತು ಅಡಿ ಕಣಪ್ಪ’ ಅಂದರು ತಾತ. ‘ಚೀಲದಲ್ಲಿ ಬರೋದು, ಚೀಲದಲ್ಲಿ ಹೋಗೋದು. ಪೊಲೀಸು ಬಂದ್ರೆ ಕಿತ್ತು ಒಲೆಗೆ.’

‘ಅದು ಎಲ್ಲಿಯ ತುಂಡು ತಾತ?’

‘ಫ್ರೆಂಚು ಅನ್ನೋರು. ಫ್ರೆಂಚು ಅಂದ್ರೆ ಜನ ಕೂರೋರು. ನಂಗೇನು ಗೊತ್ತು? ಹತ್ತಾರು ಮಿಷಿನ್ನಿಗೆ ಸಿಕ್ಕಿ ಸವೆದು ಬರೀ ಮಳೆ ಬಿದ್ದಂಗೆ ಗೀರು. ಒಂದು ದಪ ಅಂಟ್ಸೋವಾಗ ಬೆಳಕಿಗೆ ಹಿಡ್ದು ನೋಡ್ದೆ. ಆ ಹುಡುಗಿ ಆಕಡೆ ಯಾರನ್ನೋ ನೋಡ್ತಾ ಇದ್ಲು, ಮುಗೀತಾ ಅಂತ ಕೇಳೋ ಥರ. ಫ್ರೆಂಚೋ, ಮದ್ರಾಸೋ, ನಮ್ಮೋಳೋ...’

ನಾನು ಈ ವಿಷಯದಲ್ಲಿ ಓದಿದ ಯಾವ ಪುಸ್ತಕದಲ್ಲೂ ಇಷ್ಟು ಸರಿಯಾಗಿ ಯಾರೂ ಹೇಳಿಲ್ಲ. ಅಲ್ಲಿ ತೆರಿಗೆಗೆ ಹೆದರಿ ಹೆಣ್ಣಿನ ಕೂಲಿ ಇಳಿಸಿದರು. ಇಲ್ಲಿ ಕಾನೂನಿಗೆ ಹೆದರಿ ಅವಳ ಹೆಸರನ್ನೇ ಅಳಿಸಿದರು. ಕೇಸಾದರೆ ಕೋರ್ಟಿಗೆ ಅಲೆಯುತ್ತಿದ್ದವನು ಮ್ಯಾನೇಜರು, ಕೆಲಸ ಹೋಗುತ್ತಿದ್ದುದು ಆಪರೇಟರಿಗೆ. ಆ ನೂರೆಂಬತ್ತು ಅಡಿಯಲ್ಲಿ ಇದ್ದವಳಿಗೆ ಊರ್ಡಿಗೆರೆ ಅನ್ನೋ ಊರು ಇದೆ ಅಂತಲೂ ಗೊತ್ತಿರಲಾರದು.

ಬಿಟ್ ಇಲ್ಲದ, ನ್ಯಾಯವಾದ ಚಿತ್ರದಲ್ಲಿ ನಟಿಸಿದರೂ ಹೆಸರು ಅಂಟಿಕೊಳ್ಳುವುದು ತಪ್ಪುವುದಿಲ್ಲ. ಕಾಶೀನಾಥ್ 1984ರಲ್ಲಿ ‘ಅನುಭವ’ ತೆಗೆದರು. ನೀಲಿಚಿತ್ರವೂ ಅಲ್ಲ, ಕದ್ದುಮುಚ್ಚಿ ತೋರಿಸಿದ್ದೂ ಅಲ್ಲ. ಗಂಡು ಹೆಣ್ಣಿನ ವಿಷಯವನ್ನು ಹಳ್ಳಿ ಭಾಷೆಯಲ್ಲಿ ಬಿಚ್ಚುಮಾತಾಡಿದ ಚಿತ್ರ. ಅದರ ಪದ್ಮಿ ಪಾತ್ರ ಮಾಡಿದವರು ನಮ್ಮದೇ ಜಿಲ್ಲೆಯ ನೊಣವಿನಕೆರೆಯಲ್ಲಿ ಹುಟ್ಟಿದ ಉಮಾಶ್ರೀ. ರಂಗಭೂಮಿಯಿಂದ ಬಂದ ಅಂಥ ನಟಿಗೆ ಗಾಂಧಿನಗರ ಆಮೇಲೆ ವರ್ಷಗಟ್ಟಲೆ ಕೊಟ್ಟದ್ದು ಬಹುಪಾಲು ದ್ವಂದ್ವಾರ್ಥದ ಹಾಸ್ಯ ಪಾತ್ರಗಳನ್ನು. ಕಾಶೀನಾಥ್ ಹೊಸಬರನ್ನು ಬೆಳೆಸಿದ ನಿರ್ದೇಶಕ ಅನ್ನಿಸಿಕೊಂಡರು, 2018ರಲ್ಲಿ ತೀರಿಕೊಳ್ಳುವವರೆಗೂ ಆ ಮರ್ಯಾದೆ ಇತ್ತು, ಇರಬೇಕಾದ್ದೇ. ಆದರೆ ಉಮಾಶ್ರೀಗೆ ಆ ಮರ್ಯಾದೆ ಸಿಗಲು ಗಿರೀಶ್ ಕಾಸರವಳ್ಳಿಯವರ ‘ಗುಲಾಬಿ ಟಾಕೀಸ್’ವರೆಗೆ, ಅಂದರೆ 2008ರವರೆಗೆ ಕಾಯಬೇಕಾಯಿತು. ಆ ಪಾತ್ರಕ್ಕೆ ರಾಷ್ಟ್ರಪ್ರಶಸ್ತಿ. 2013ರಲ್ಲಿ ಅವರು ಮಂತ್ರಿಯಾದರು. ಖಾತೆ? ಕನ್ನಡ ಮತ್ತು ಸಂಸ್ಕೃತಿ! ಫ್ರಾನ್ಸ್‌ನಲ್ಲಿ ‘ಎಕ್ಸ್’ ಮುದ್ರೆ ಒತ್ತುತ್ತಿದ್ದದ್ದು ಸಂಸ್ಕೃತಿ ಮಂತ್ರಿಯೇ ಅಂತ ಮೇಲೆ ಹೇಳಿದೆನಲ್ಲ. ನೊಣವಿನಕೆರೆಯ ಹೆಣ್ಣುಮಗಳು ಆ ಕುರ್ಚಿಯಲ್ಲೇ ಕೂತರು. ಬೆತ್ತದ ಕುರ್ಚಿಗಿಂತ ಇದು ದೊಡ್ಡ ಪೋಸ್ಟರ್ ಅಂತ ನನ್ನ ಅಭಿಪ್ರಾಯ.

ಫ್ರಾನ್ಸಿಗೆ ವಾಪಸು ಹೋಗೋಣ. ‘ಎಕ್ಸ್’ ಟಾಕೀಸುಗಳನ್ನು ಕೊಂದದ್ದು ತೆರಿಗೆಯೊಂದೇ ಅಲ್ಲ, ವಿಡಿಯೋ. ಅಂಚೆ ಮೂಲಕ ಪುಸ್ತಕ ಮಾರುತ್ತಿದ್ದ ಮಾರ್ಕ್ ದೋರ್ಸೆಲ್ 1979ರ ಸುಮಾರಿಗೆ ಕ್ಯಾಸೆಟ್ ಕಡೆ ತಿರುಗಿದ. ನೆಗೆಟಿವ್ ಖರ್ಚಿಲ್ಲ, ಲ್ಯಾಬಿಲ್ಲ, ‘ಎಕ್ಸ್’ ಟಾಕೀಸಿನ ಹಂಗಿಲ್ಲ. 1984ರ ನವೆಂಬರ್‌ನಲ್ಲಿ ಕನಾಲ್ ಪ್ಲಸ್ ಎಂಬ ಚಂದಾ ಟಿವಿ ಶುರುವಾಯಿತು. 1985ರ ಆಗಸ್ಟ್ 31ರ ರಾತ್ರಿ ಅದು ಮೊದಲ ನೀಲಿಚಿತ್ರ ಹಾಕಿತು. ಯಾವುದು ಗೊತ್ತಾ? ಅದೇ ಹಳೇ ‘ಎಕ್ಸಿಬಿಷನ್’. ಚಂದಾ ಕಟ್ಟದವರ ಮನೆಯಲ್ಲಿ ಚಿತ್ರ ಕಲಸುಮೇಲೋಗರವಾಗಿ ಕಾಣುತ್ತಿತ್ತು. ಅಡಿಗೆಮನೆಯ ಜರಡಿಯನ್ನು ಕಣ್ಣ ಮುಂದೆ ಅಲ್ಲಾಡಿಸುತ್ತ ನೋಡಿದರೆ ಸರಿಯಾಗಿ ಕಾಣುತ್ತೆ ಅಂತ ಅಲ್ಲಿಯ ಹುಡುಗರಲ್ಲಿ ಪುಕಾರು! ಮಂಗನ ಬುದ್ಧಿ ಎಲ್ಲಾ ದೇಶದಲ್ಲೂ ಒಂದೇ. ಪ್ಯಾರಿಸ್ಸಿನ ಕೊನೆಯ ನೀಲಿ ಟಾಕೀಸು ಬೆವರ್ಲಿ 2024ರ ಫೆಬ್ರವರಿಯಲ್ಲಿ ಬಾಗಿಲು ಹಾಕಿತು. 1895ರಲ್ಲಿ ಲೂಮಿಯೇರ್ ಸೋದರರು ತೆರೆ ಕಟ್ಟಿದ ಜಾಗ ಅಲ್ಲಿಂದ ಎರಡು ಕಿಲೋಮೀಟರು ದೂರವಿಲ್ಲ.

ಈಗ ಟಾಕೀಸಿಲ್ಲ, ಕ್ಯಾಸೆಟ್ಟಿಲ್ಲ, ಆಪರೇಟರ್ ತಾತನ ಚೀಲವೂ ಇಲ್ಲ. ಎಲ್ಲರ ಜೇಬಿನಲ್ಲೂ ಬಿಟ್. ದುಡ್ಡಿನ ಹಾದಿ ಏನಾಯಿತು ಅಂತ ತಿಳಿಯಬೇಕಾದವರು 2022ರ ಸೆಪ್ಟೆಂಬರ್‌ನಲ್ಲಿ ಫ್ರೆಂಚ್ ಸೆನೆಟ್ಟಿನ ನಾಲ್ವರು ಮಹಿಳಾ ಸದಸ್ಯರು ಕೊಟ್ಟ ವರದಿಯ ಕಡೆ ನೋಡಬೇಕು. ಇಂಟರ್‌ನೆಟ್ ನೀಲಿಚಿತ್ರ ತಯಾರಕರ ಮೇಲೆ ಹತ್ತಾರು ಹೆಣ್ಣುಮಕ್ಕಳು ಅತ್ಯಾಚಾರದ, ಸುಳ್ಳು ಹೇಳಿ ಕರೆತಂದ ದೂರು ಕೊಟ್ಟ ಮೇಲೆ ನಡೆದ ವಿಚಾರಣೆ ಅದು. ಕೆಲವರು ಹೆಸರು ಬಚ್ಚಿಟ್ಟು ಸಾಕ್ಷಿ ಹೇಳಿದರು. ವಿಡಿಯೋ ಫ್ರಾನ್ಸ್‌ನಲ್ಲಿ ಯಾರಿಗೂ ಕಾಣುವುದಿಲ್ಲ ಅಂತ ನಂಬಿಸಿದ್ದರು. ಕೈಗೆ ಬಂದದ್ದು ಕೆಲವು ನೂರು ಯೂರೋ. ನೆರೆಹೊರೆಯವರು ನೋಡಿ, ಮನೆಯವರು ನೋಡಿ, ತೆಗೆದುಬಿಡಿ ಅಂತ ಅಂಗಲಾಚಿದಾಗ, ತೆಗೆಯುವುದಕ್ಕೆ ಕೇಳಿದ ಶುಲ್ಕ ಸಾವಿರಾರು ಯೂರೋ.

ಇದನ್ನೆಲ್ಲ ಮೊನ್ನೆ ನಮ್ಮೂರ ಹುಡುಗನೊಬ್ಬನಿಗೆ ಹೇಳಿದೆ. ಐಟಿಐ ಓದುತ್ತಿದ್ದಾನೆ, ಪ್ರತಿವಾರ ಈ ಪತ್ರಿಕೆ ಕೊಳ್ಳುವವನು. ಪೂರ್ತಿ ಕೇಳಿದ. ಕೊನೆಗೆ, ‘ಅಣ್ಣಾ, ಆ ಹುಡುಗೀರ ಹೆಸರೇನು?’ ಅಂದ.

‘ಯಾಕೋ?’

ಅವನು ಉತ್ತರ ಹೇಳಲಿಲ್ಲ. ಕೈಯಲ್ಲಿದ್ದ ಮೊಬೈಲನ್ನು ಜೇಬಿಗೆ ಹಾಕಿಕೊಂಡ. ತುಮಕೂರು ಬಸ್ಸು ಬಂತು, ಹತ್ತಿದೆವು.